ಪಿಳ್ಳವೆಂಕಟಪ್ಪನವರಿಗೆ ನೋಟಿಸು

ನೋಟಿಸು ಬಂದದ್ದು ಮಾವನ ಹೆಸರಿಗೆ.
ಮಾವ ಹೋಗಿ ಒಂಬತ್ತು ವರ್ಷ.
ಬಾಗಿಲಿಗೆ ಮೈದಾ ಗೋಂದು ಬಳಿದು
ಅಂಗೈಯಲ್ಲಿ ಒತ್ತಿ ಹೋಗಿದ್ದಾರೆ,
ಐದು ಬೆರಳಿನ ಗುರುತು ಇನ್ನೂ ಹಸಿ.
'ತಾವು ಖುದ್ದು ಹಾಜರಾಗಿ ಏಳು ದಿನದೊಳಗೆ...'
ಮಾವಾ, ನೋಡಿದಿರಾ, ನಿಮ್ಮನ್ನು ತಾವು ಅಂದಿದ್ದಾರೆ.
ಬದುಕಿದ್ದಾಗ ಇಡೀ ಚಿಂತಾಮಣಿಯಲ್ಲಿ
ಹಾಗೆ ಅಂದವರು ಒಬ್ಬರೂ ಇರಲಿಲ್ಲ.

ಹದಿನಾಲ್ಕು ಸಾವಿರದ ಮುನ್ನೂರ ಎಂಬತ್ತಾರು.
ಮನೆ ಕಂದಾಯ, ಅದರ ಮೇಲೆ ದಂಡ,
ಕಸದ್ದು, ನೀರಿನದು
(ನಡುರಾತ್ರಿ ಕೊಳಾಯಿ ಕೆಮ್ಮಿದರೆ
ಈ ವಾರದ ನೀರು ಬಂತು ಅಂತ),
ಗ್ರಂಥಾಲಯದ್ದು, ಆರೋಗ್ಯದ್ದು,
ಕೊನೆಗೆ ಸಣ್ಣಕ್ಷರದಲ್ಲಿ ಭಿಕ್ಷುಕರ ಕರ.
ಅದನ್ನು ಎರಡು ಸಲ ಓದಿದೆ.
ಮಗಳು ಕೇಳಿದಳು:
ಅಮ್ಮ, ಇದು ನಾವು ಕೊಡೋದಾ, ನಮಗೆ ಬರೋದಾ?

ನಗರಸಭೆ ಪುಸ್ತಕದಲ್ಲಿ ನಮಗೆ ಮೂರು ಕೋಣೆ.
ಹಿಂದಿನದು ಕುಸಿದು ನುಗ್ಗೆ ಮರ ಎದ್ದು
ಕಾಯಿ ಬಿಟ್ಟು ನಾಲ್ಕು ಫಸಲಾಯಿತು.
ಬಿಲ್ ಕಲೆಕ್ಟರ್ ಹೇಳಿದ:
ಅಳತೆ ತಿದ್ದಬೇಕಾದರೆ ಖಾತೆ ಬದಲಾಗಬೇಕು,
ಖಾತೆ ಬದಲಾಗಬೇಕಾದರೆ ಬಾಕಿ ತೀರಬೇಕು,
ಬಾಕಿ ತಪ್ಪು ಅನ್ನೋದಾದರೆ, ಅಳತೆ ತಿದ್ದಿಸಿಕೊಂಡು ಬನ್ನಿ.
ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬಂತು.
ನನಗೇನು ಹೊಸದಲ್ಲ ಬಿಡಿ,
ಇಪ್ಪತ್ತು ವರ್ಷದಿಂದ ಗಿರಣಿ ಕಲ್ಲು ನೋಡಿದವಳು.

ನಾಳೆ ಹನ್ನೊಂದಕ್ಕೆ ಜಪ್ತಿಗೆ ಬರ್ತಾರಂತೆ, ಟ್ರ್ಯಾಕ್ಟರು ಸಮೇತ.
ಅವರ ಕಣ್ಣಲ್ಲಿ ಒಂದು ಸುತ್ತು ಮನೆ ನೋಡಿದೆ.
ಟಿವಿ: ಮಾತು ಬರುತ್ತೆ, ಮುಖ ಬರಲ್ಲ.
ತಕ್ಕಡಿ. ಅದೊಂದು ಹೋದರೆ ಕಷ್ಟ.
ಹಿಟ್ಟಿನ ಗಿರಣಿ, ಏಳೂವರೆ ಎಚ್‌ಪಿ ಮೋಟಾರು,
ನಾಲ್ಕು ಆಳು ಬೇಕು ಅಲುಗಿಸೋಕೆ.
ಪ್ಯಾಕೆಟ್ ಹಿಟ್ಟು ಬಂದಮೇಲೆ ಅದೂ
ಅರ್ಧ ದಿನ ನಿದ್ದೆ ಮಾಡುತ್ತೆ, ನಮ್ಮವರ ಹಾಗೇ.
ನಮ್ಮವರು ಈವತ್ತು ಮಾತ್ರ ಎದ್ದು
ಗಿರಣಿ ಬೆಲ್ಟು ಬಿಚ್ಚಿ, ಹಾವಿನಂತೆ ಸುತ್ತಿ,
ಪಕ್ಕದ ಮನೆ ಷಂಷಾದ್ ಬೀ ಅಕ್ಕಿ ಡ್ರಮ್ಮಿನಲ್ಲಿ ಹೂತು ಬಂದರು.
ಬೆಲ್ಟಿಲ್ಲದ ಗಿರಣಿ ಯಾರಿಗೆ ಬೇಕು, ಅಂದರು.
ಮದುವೆಯಾದಮೇಲೆ ಅವರು ಮಾಡಿದ ಮೊದಲ ಕಳ್ಳತನ
ನಮ್ಮದೇ ಮನೆಯದು.

ನಾನು ಗುಡಿಸಿದೆ. ಒರೆಸಿದೆ.
ಯಾಕೆ ಅಂತ ಗೊತ್ತಿಲ್ಲ,
ಬರೋರು ಬರ್ತಾರೆ, ಜೇಡರ ಬಲೆ ನೋಡಿ ಹೋಗಬಾರದು.

ಕಳೆದ ವಾರ ಸೈಕಲ್ ಅಂಗಡಿ ಮುಂದೆ
ತಮಟೆ ಹೊಡೆಸಿದರು, ಬಾಕಿದಾರ ಅಂತ.
ಇಡೀ ಬೀದಿ ಹೊರಗೆ ಬಂದು ನಿಂತಿತ್ತು.
ನಾನೂ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ.

ರಾತ್ರಿ ಒಂಬತ್ತಕ್ಕೆ ಯಾರೋ ಬಾಗಿಲು ತಟ್ಟಿದರು.
ಗಂಗುಲಪ್ಪ. ಖಾಕಿ ಅಂಗಿ, ಹೆಗಲ ಮೇಲೆ ರಾಗಿ ಚೀಲ.
ಅಕ್ಕಾ, ನಾಳೆ ತಮಟೆಗೆ ನನ್ನನ್ನೇ ಹಾಕಿದ್ದಾರೆ.
ಚೀಲ ಇಳಿಸಲಿಲ್ಲ, ನಿಂತೇ ಹೇಳಿದ.
ಮಾವನ ಹೆಣದ ಮುಂದೆ ಹೊಡೆದವನೂ ಅವನೇ,
ಮಳೆಯಲ್ಲಿ, ಚರ್ಮ ನೆನೆದು ಸದ್ದು ಕೂತರೂ ಬಿಡದೆ,
ಸುಡುಗಾಡಿನ ತನಕ.
ನಮಗೂ ನಾಲ್ಕು ತಿಂಗಳ ಸಂಬಳ ಬಾಕಿ, ಅಂದ,
ಯಾರ ಬಾಗಿಲಲ್ಲಿ ಹೊಡೀಲಿ ಹೇಳು.

ಮನೆಯಲ್ಲಿ ಹಿಟ್ಟು ಮುಗಿದಿದೆಯಂತೆ.
ನಮ್ಮವರು ಚಪ್ಪಲಿಯೂ ಹಾಕದೆ ಓಡಿದರು
ಷಂಷಾದ್ ಬೀ ಮನೆಗೆ.
ಬೆಲ್ಟಿನ ತುಂಬ ಅಕ್ಕಿ ನುಚ್ಚು.
ಹಾಕಿದ್ದೇ ತಡ ಗಿರಣಿ ಗುಡುಗಿತು,
ಆ ಹೊತ್ತಿನಲ್ಲಿ ಬೀದಿಗೆಲ್ಲಾ ಕೇಳುವಂತೆ.

ದುಡ್ಡು ಬರೆದುಕೋ, ಅಂದ. ಬರೆದುಕೊಂಡೆ.
ನನ್ನ ಪುಸ್ತಕದಲ್ಲೂ ಅರ್ಧ ಊರು ಬಾಕಿದಾರರೇ,
ಸೈಕಲ್ ಅಂಗಡಿಯವನು, ಬಿಲ್ ಕಲೆಕ್ಟರ್ ಅತ್ತೆ,
ಮೂರು ಪುಟ ಹಿಂದೆ ಇದೇ ಗಂಗುಲಪ್ಪ.

ಹೊಸ್ತಿಲು ದಾಟಿದವನು ತಿರುಗಿದ:
ನಾಳೆ ಮೆತ್ತಗೆ ಹೊಡೀಲಾ ಅಕ್ಕಾ?
ಬೇಡ, ಅಂದೆ.
ಬಂದಿರೋದು ಮಾವನ ಹೆಸರಿಗೆ.
ಅವತ್ತು ಹೊಡೆದಷ್ಟೇ ಹೊಡಿ.

ಬಿಸಿ ಹಿಟ್ಟಿನ ಚೀಲ ಎದೆಗವಚಿಕೊಂಡು ಹೋದ.
ಬೆಲ್ಟು ಇನ್ನೂ ಗಿರಣಿ ಮೇಲೇ ಇದೆ.
ಬಿಚ್ಚಬೇಕು.
ಬೆಳಗ್ಗೆ ನೋಡೋಣ.