ಮೂರು ಗಂಟೆ

ಐವತ್ತು ವರ್ಷ ಈ ಮೂರು ಗಂಟೆಯ ಜೊತೆ
ಜಗಳವಾಡಿದವನು ನನ್ನ ಗಂಡ.
ಸದ್ದು ಹೆಚ್ಚಲೆಂದು ಅಲಾರಾಂ ಗಡಿಯಾರವನ್ನು
ತಾಮ್ರದ ಬಾಣಲೆಯಲ್ಲಿಟ್ಟೆವು.
ಕೆಳಮನೆಯವರು ಎದ್ದರು, ಅವನು ಏಳಲಿಲ್ಲ.
ನಾನೇ ಮೊಣಕೈಯಲ್ಲಿ ತಿವಿಯಬೇಕು,
ತಣ್ಣೀರಲ್ಲಿ ಅದ್ದಿದ ಬೆರಳು ಕತ್ತಿಗಿಡಬೇಕು,
"ಜೆಮಾಲ್, ಹಿಟ್ಟು ಉಕ್ಕಿ ಮರಿಗೆ ದಾಟುತ್ತಿದೆ" ಎಂದು ಸುಳ್ಳಾಡಬೇಕು.
ಕಣ್ಣು ಬಿಡದೆಯೇ ಷರಾಯಿ ಏರಿಸಿ
ಕುತೈಸಿಯ ಇಳಿಜಾರು ಬೀದಿಯಲ್ಲಿ
ನಿದ್ದೆಯನ್ನು ಹೆಗಲಲ್ಲಿ ಹೊತ್ತೇ ಇಳಿಯುತ್ತಿದ್ದ,
ಬಾವಿಯಂಥ ಒಲೆಗೆ ಬೆಂಕಿ ಹಾಕಲು.

ಈಗ ಎಪ್ಪತ್ತೆಂಟು.
ಒಲೆ ಮಾರಿ ಒಂಬತ್ತು ವರ್ಷ.
ಮೂರಕ್ಕೆ ಸರಿಯಾಗಿ, ಯಾರೂ ಕರೆಯದೆ,
ತಟ್ಟನೆ ಎದ್ದು ಕೂರುತ್ತಾನೆ.
ಅಂಗಡಿ ಮುಚ್ಚಿದ ಮೇಲೆ ಬಂದ ಆಳಿನ ಹಾಗೆ
ದೇಹ ಬಾಗಿಲಲ್ಲಿ ನಿಂತು ಕೇಳುತ್ತದೆ:
ಏನು ಮಾಡಲಿ, ಯಜಮಾನ?

ಸಂಜೆ ಏಳೂವರೆಗೆ ಮಾತ್ರ ಅದು ಮಾತು ಕೇಳುವುದಿಲ್ಲ.
ಮೊಮ್ಮಗಳ ಮದುವೆಯೂಟದಲ್ಲಿ
ಸತ್ತವರ ನೆನಪಿಗೆ ಎಲ್ಲರೂ ದ್ರಾಕ್ಷಾರಸ ಎತ್ತಿದಾಗ
ಇವನು ಲೋಟ ಹಿಡಿದೇ ಮಲಗಿಬಿಟ್ಟ.
ಪಕ್ಕದವರು ಗಾಬರಿಯಾಗಿ ಮೂಗಿನ ಬಳಿ ಕೈಯಿಟ್ಟು ನೋಡಿದರು.

ಡಾಕ್ಟರು ಹೇಳುತ್ತಾರೆ, ತಲೆಯೊಳಗೊಂದು ಗಡಿಯಾರವಂತೆ,
ಬೆಳಗಿನ ಬೆಳಕೇ ಅದಕ್ಕೆ ಕೀಲಿ ಕೊಡುವುದಂತೆ.
ಕಣ್ಣಿನ ಗಾಜು ಚಹಾ ಬಣ್ಣಕ್ಕೆ ತಿರುಗಿದೆ,
ನೀಲಿ ಒಳಗಿಳಿಯುತ್ತಿಲ್ಲ.
ಇರಬಹುದು.
ನನಗೆ ಗೊತ್ತಿರುವುದು ಅವನ ಪಾದ:
ಮೊದಲು ಸಂಜೆಗೆ ಕೆಂಡ, ನಸುಕಿಗೆ ಕಲ್ಲು.
ಈಗ ಹಗಲೂ ಇರುಳೂ
ಅದೇ ಉಗುರುಬೆಚ್ಚಗೆ.

ಕಳೆದ ಫೆಬ್ರವರಿ, ಹಿಮ ಬೀಳುತ್ತಿತ್ತು.
ಮೂರೂಕಾಲಾದರೂ ಬೇಕರಿಯಲ್ಲಿ ದೀಪವಿಲ್ಲ.
ಹೊಸ ಹುಡುಗ ಲಾಶಾ, ಇಪ್ಪತ್ತು ತುಂಬಿಲ್ಲ,
ಹಿಟ್ಟಿನ ಮೂಟೆಗಳ ಮೇಲೆ ಮಲಗುವವನು.
ಇವನು ಚಪ್ಪಲಿಯಲ್ಲೇ ಇಳಿದು ಹೋದ.
ಕಿಟಕಿಯಿಂದ ನೋಡುತ್ತಿದ್ದೆ:
ಬಾಗಿಲು ಬಡಿಯಲು ಕೈ ಎತ್ತಿದ.
ಇಳಿಸಿದ.
ಗೋಡೆಗೊರಗಿ ನಿಂತ,
ಟೋಪಿಯ ಮೇಲೆ ಹಿಮ ಕೂತಿತು,
ತುಟಿ ಮಾತ್ರ ಅಲುಗುತ್ತಿತ್ತು.
ಪ್ರಾರ್ಥನೆ ಅಂದುಕೊಂಡೆ, ದೇವರ ಗೊಡವೆಗೆ ಎಂದೂ ಹೋಗದವನು.
ಆಮೇಲೆ ಬಡಿದ, ಮೆಲ್ಲಗೆ, ಬೆರಳ ಗೆಣ್ಣಿನಿಂದ.

ಬಿಸಿ ರೊಟ್ಟಿ ಕಂಕುಳಲ್ಲಿ ಹಿಡಿದು ಬಂದವನನ್ನು ಕೇಳಿದೆ.
"ಇನ್ನೂರು ಎಣಿಸಿದೆ" ಅಂದ.
"ಆ ವಯಸ್ಸಿನಲ್ಲಿ ಇನ್ನೂರು ಎಣಿಕೆಯ ನಿದ್ದೆ ಅಂದರೆ...
ನನಗೆ ಯಾರೂ ಎಣಿಸಿರಲಿಲ್ಲ."

ರೊಟ್ಟಿ ಮುರಿಯುತ್ತಾ ಸುಮ್ಮನಾದೆ.
ಹೊರಗೆ ಇನ್ನೂ ಕತ್ತಲೆ.
ಬೆಂದ ಹಿಟ್ಟಿನ ಹಬೆಯಲ್ಲಿ
ತಣ್ಣೀರಿನ ನನ್ನ ಬೆರಳು ನೋಡಿಕೊಂಡೆ.