ಬ್ಲ್ಯಾಕ್ ಸ್ಪಾಟ್

ಹೊಂಬೇಗೌಡ ನಗರದ ಮಸ್ಟರಿಂಗ್ ಕಟ್ಟೆಯಲ್ಲಿ
ಬೆಳಗಿನ ಆರಕ್ಕೆ ಮುಖ ಹಾಜರಿ.
ಮೇಸ್ತ್ರಿ ಮೊಬೈಲು ಎತ್ತಿ ಹಿಡಿಯುತ್ತಾನೆ,
ಅದು ಓಬಳಮ್ಮನವರ ಗುರುತು ಹಿಡಿದು ಟಿಂಗ್ ಎನ್ನುತ್ತದೆ.
ಅವರಿಗೆ ಮಾತ್ರ ಮೇಸ್ತ್ರಿಯ ಕಿವಿ ಕಾಣುತ್ತದೆ, ಕಾಲರು ಕಾಣುತ್ತದೆ,
ನಡುವೆ, ಮುಖ ಇರಬೇಕಾದಲ್ಲಿ,
ಯಾರೋ ಒದ್ದೆ ಬೆರಳಲ್ಲಿ ಒರೆಸಿದ ಸ್ಲೇಟು.

ಸರ್ವೀಸು ಇನ್ನು ಎಂಟು ತಿಂಗಳು.
"ಯಾರ್ಗೂ ಹೇಳ್ಬೇಡಿ ಮೇಡಂ" ಎಂದರು
ನಮ್ಮ ಕಣ್ಣಾಸ್ಪತ್ರೆಯ ಕೆಳಮಹಡಿಯಲ್ಲಿ
ನಾನು ಚೌಕುಳಿ ಕಾಗದ ಎದುರು ಹಿಡಿದಾಗ.
ಗೆರೆ ಎಲ್ಲ ನೆಟ್ಟಗಿದೆಯಾ ಅಮ್ಮ?
"ಅಂಚಲ್ಲಿ ನೆಟ್ಟಗೈತೆ. ನಡುವೆ ಸಿದ್ದಾಪುರದ ಗಲ್ಲಿ ಥರ
ಸೊಟ್ಟ ಸೊಟ್ಟ. ಅಲ್ಲೊಂದು ಬ್ಲ್ಯಾಕ್ ಸ್ಪಾಟ್ ಆಗೈತೆ."

ಅದು ಅವರ ಕಸುಬಿನ ಮಾತು.
ರಾತ್ರಿ ಸ್ಕೂಟರಿನವರು ಕಾಲಲ್ಲಿ ತಳ್ಳಿ ಹೋಗುವ ಗಂಟು,
ಟ್ರಾನ್ಸ್‌ಫಾರ್ಮರ್ ಬುಡ, ಮೋರಿ ಮೂಲೆ,
ವಾರ್ಡಿನ ನಕ್ಷೆಯಲ್ಲಿ ಅದಕ್ಕೆ ಅದೇ ಹೆಸರು.
ನನ್ನ ಪುಸ್ತಕದಲ್ಲಿ ಬೇರೆ ಹೆಸರಿತ್ತು.
ಬರೆಯಲು ಹೋಗಿ ಅವರದ್ದನ್ನೇ ಬರೆದೆ.

ಕೇಳಿ ಓಬಳಮ್ಮ, ಅವತ್ತು ಹೇಳಲಾಗಲಿಲ್ಲ,
ಹೊರಗೆ ಟೋಕನ್ ನಲವತ್ತಾರು ಕೆಮ್ಮುತ್ತಿತ್ತು.
ನಿಮ್ಮ ಕಣ್ಣಿನ ಹಿಂಗೋಡೆಗೆ ಒಂದೇ ಒಂದು ವರಸೆ ಕೋಶ,
ಆರು ಮೂಲೆಯವು, ಫುಟ್‌ಪಾತಿನ ಟೈಲಿನ ಹಾಗೆ ಹೊಂದಿಕೊಂಡು.
ಬೆಳಕು ಬಿದ್ದ ಗಳಿಗೆಗೆ, ನಿಮ್ಮ ಹಾಗೇ, ಅವುಗಳ ಪಾಳಿ ಶುರು.
ನೋಡಿ ನೋಡಿ ಸವೆದ ತುದಿಗಳನ್ನು ದೃಷ್ಟಿಯ ಕಡ್ಡಿಗಳು ಉದುರಿಸುತ್ತವೆ,
ಫೆಬ್ರವರಿಯಲ್ಲಿ ಲಾಲ್‌ಬಾಗಿನ ಬೇಲಿಯಾಚೆ ಎಲೆ ಬಿದ್ದಂತೆ.
ಇವು ಗುಡಿಸುತ್ತವೆ.
ಗುಡಿಸಿದ್ದನ್ನು ನುಂಗಿ, ಅರೆದು, ಕರಗಿಸಿ,
ಕೆಲಸಕ್ಕೆ ಬರುವುದನ್ನು ತಿರುಗಿ ಕೊಡುತ್ತವೆ.
ರಜೆಯಿಲ್ಲ, ಬದಲಿ ಆಳಿಲ್ಲ. ಹುಟ್ಟುವಾಗ ಬಂದವೇ ಕೊನೆತನಕ.
ಕಾಯಂ ನೌಕರಿ ಎಂದರೆ ನೀವು ನಗುತ್ತೀರಿ, ಗೊತ್ತು,
ಹದಿನೆಂಟು ವರ್ಷ ಗುತ್ತಿಗೆಯಲ್ಲಿ ಇದ್ದವರು.

ಬೆಂಕಿಯ ಭಯ ಅಲ್ಲಿ ಯಾವಾಗಲೂ:
ಬೆಳಕು, ಆಮ್ಲಜನಕ, ಕೊಬ್ಬು, ಮೂರೂ ಒಂದೇ ಕೋಣೆಯಲ್ಲಿ.
ಅದಕ್ಕೇ ಪ್ರತಿ ಕೋಶಕ್ಕೊಬ್ಬ ಕಾವಲಿನವನು,
ಎನ್‌ಆರ್‌ಎಫ್-ಟು ಎಂದು ಅವನ ಬಿಲ್ಲೆ ನಂಬರು.
ಸುಮ್ಮನಿದ್ದ ದಿನಗಳಲ್ಲಿ ಇನ್ನೊಂದು ಪ್ರೋಟೀನು
ಅವನ ಕೈ ಹಿಡಿದು, ಏಳಗೊಡದೆ, ಅಲ್ಲೇ ಮುಗಿಸುತ್ತಿರುತ್ತದೆ.
ಹೊಗೆ ಎದ್ದರೆ ಹಿಡಿದ ಕೈಗೇ ಮೊದಲು ಸುಡುತ್ತದೆ.
ಸಡಿಲಾದದ್ದೇ ತಡ, ಅವನು ನಡುಮನೆಗೆ ಓಡಿ
ಮಲಗಿದ ಜೀನುಗಳ ಬಾಗಿಲು ಬಡಿಯುತ್ತಾನೆ: ಏಳಿ, ನೀರು ತನ್ನಿ!
ವಯಸ್ಸಾಯಿತೆಂದರೆ ಓಟ ನಿಧಾನ.

ಹೊರಗೆ ಮತ್ತೊಬ್ಬ, ರಕ್ತದ ಜೊತೆ ಬಂದವನು.
ಲಾಠಿ ಎತ್ತಿದವರ ನಡುವೆ ನಿಂತು
"ಇವ್ರು ನಮ್ಮೋರೇ, ಬಿಡ್ರಯ್ಯ" ಎನ್ನುವುದಷ್ಟೇ ಅವನ ಕೆಲಸ.
ಕೆಲವು ಮನೆತನಗಳಲ್ಲಿ ಅವನಿಗೆ ಒಂದಕ್ಷರ ತಪ್ಪು ಬಿದ್ದಿರುತ್ತದೆ,
ರೇಷನ್ ಕಾರ್ಡಿನಲ್ಲಿ ಬಿದ್ದ ಹಾಗೆ.
ಆಮೇಲೆ ಅವನ ಮಾತು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಇದ್ದೂ ಹಳದಿ ಗಂಟುಗಳು ಉಳಿಯುತ್ತವೆ
ಟೈಲಿನ ಅಡಿಯಲ್ಲಿ, ಯಾರೂ ಎತ್ತದೆ.

ಮೂರನೇ ಮಹಡಿಯಲ್ಲಿ ನನಗೆ ಇನ್ನೊಂದು ಕೆಲಸ.
ಸತ್ತವರು ಕೊಟ್ಟ ಕಣ್ಣಿನ ಕೋಶಗಳನ್ನು ತಟ್ಟೆಯಲ್ಲಿ ಸಾಕುತ್ತೇನೆ.
ಗುರುವಾರ ಅವಕ್ಕೆ ಪೆರಾಕ್ಸೈಡಿನ ಏಟು.
ಕೆಲವಕ್ಕೆ ಮೊದಲೇ ಆ ಹಿಡಿದ ಕೈ ಬಿಡಿಸುವ ಮದ್ದು.
ಶುಕ್ರವಾರ ಬದುಕಿದವನ್ನು ಎಣಿಸುತ್ತೇನೆ:
ಮದ್ದಿಲ್ಲದಲ್ಲಿ ನೂರಕ್ಕೆ ನಲವತ್ತು, ಮದ್ದಿದ್ದಲ್ಲಿ ಎಪ್ಪತ್ತೊಂದು.
ತಟ್ಟೆಯಿಂದ ಕಣ್ಣಿಗೆ ಎಷ್ಟು ದೂರ ಎಂದು ಕೇಳಬೇಡಿ.
ಎಂಟು ತಿಂಗಳಿಗಿಂತ ದೂರ.

ನಿನ್ನೆ ಬಸ್ಸಿಗೆ ಓಡುವಾಗ ಕಂಡರು.
ಮೋರಿ ಮೂಲೆ ತೊಳೆದು ರಂಗೋಲಿ ಬಿಡುತ್ತಿದ್ದರು,
ಕಸ ಎಸೆಯುವ ಕೈ ಒಂದು ಗಳಿಗೆ ಹಿಂಜರಿಯಲಿ ಎಂದು.
ತಲೆ ವಾರೆ ಮಾಡಿ, ಕಣ್ಣಂಚಿನಲ್ಲಿ ಚುಕ್ಕಿ ಹಿಡಿದು,
ಬೆರಳಿನ ಲೆಕ್ಕದಲ್ಲೇ ಗೆರೆ.
ನಟ್ಟನಡುವಿನ ಚುಕ್ಕಿ ಒಂದು ಬಿಟ್ಟುಹೋಗಿತ್ತು.
ಹೇಳಲೋ ಬೇಡವೋ ಎಂದು ನಿಂತೆ.
ಸ್ಕೂಟರೊಂದು ನಿಧಾನವಾಯಿತು, ಕಾಲ ಬಳಿ ಗಂಟು,
ರಂಗೋಲಿ ನೋಡಿ ಮುಂದೆ ಹೋಯಿತು,
ಮುಂದಿನ ತಿರುವಿಗೆ.

"ಯಾರದು?" ಎಂದರು ಓಬಳಮ್ಮ,
ನನ್ನ ಮುಖ ಕಾಣಲೆಂದು
ನನ್ನ ಕಿವಿಯ ಕಡೆ ನೋಡುತ್ತ.