ಸೊನ್ನೆ ರೂಪಾಯಿಯ ಟಿಕೇಟು

ನೈಟ್ ಡ್ಯೂಟಿ ಮುಗಿಸಿ, ಸ್ಪಿರಿಟ್ಟಿನ ವಾಸನೆಯಲ್ಲೇ
ಹಾವೇರಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆವು:
ಮೆಹರುನ್ನೀಸಾ, ನೀಲವ್ವ, ಸುಗಂಧಿ, ನಾನು.
ಹೆರಿಗೆ ವಾರ್ಡಿನ ನಾಲ್ವರಿಗೂ ಒಟ್ಟಿಗೆ ರಜೆ
ಹನ್ನೊಂದು ವರ್ಷದಲ್ಲಿ ಇದೇ ಮೊದಲು.
ಕಂಡಕ್ಟರ್ ಸೊನ್ನೆ ರೂಪಾಯಿಯ ನಾಲ್ಕು ಟಿಕೇಟು ಹರಿದು ಕೊಟ್ಟ.
‘ರೊಕ್ಕ ಉಳೀತು, ಮೀನಿಗೆ ಆತು’ ಅಂದಳು ಮೆಹರು,
ಅಷ್ಟು ಹೇಳಿ ನಿದ್ದೆಹೋದಳು.

ಅರಬೈಲು ಘಟ್ಟದಲ್ಲಿ ಸುಗಂಧಿಗೆ ವಾಂತಿ.
ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ, ಬೆನ್ನ ಮೇಲೆ ಕೈ.
ಎಲ್ಲ ಕಣ್ಣು ತೆರೆಯದೆಯೇ ಮಾಡಿದೆವು.

ನೀಲವ್ವ ಸಮುದ್ರ ಕಂಡವಳಲ್ಲ.
‘ಬಂದ ಕೂಡಲೆ ಎಬ್ಬಸ್ರಿ’ ಅಂದಿದ್ದಳು.
ಎಬ್ಬಿಸಬೇಕಾದವರೂ ಮಲಗಿದ್ದೆವು.
ಅಂಕೋಲೆ ದಾಟಿದ ಮೇಲೆ ಅದು ಎಡಕ್ಕೆ ಬಂದು, ಹೋಗಿ,
ಮತ್ತೆ ಬಂದು, ಕಾದು ಬೇಸತ್ತಿರಬೇಕು;
ಸುರಂಗದ ಕತ್ತಲು ಕಳೆದು ಊರು ಬಂದಾಗ
‘ಎಲ್ಲೈತಿ?’ ಎಂದು ಎದ್ದಳು.

ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು
ಬಹಳ ಹೊತ್ತು ನಿಂತಳು. ಆಮೇಲೆ:
‘ಇದಕ್ಕ ಆಚೀ ದಂಡಿನ ಇಲ್ಲಲ್ಲ!’
ನಮ್ಮ ವರದೆಗಾದರೆ ಆಚೆ ದಂಡೆಯಲ್ಲಿ
ಯಾರದಾದರೂ ಎಮ್ಮೆ ಇರುತ್ತದೆ.

ದಡಕ್ಕೆಳೆದಿಟ್ಟ ಹಳೇ ಯುದ್ಧನೌಕೆಯೊಳಗೆ
ಬಿಳಿ ಸಮವಸ್ತ್ರದ ಗೊಂಬೆ ನಾವಿಕ.
ಸುಗಂಧಿ ಅವನ ಮಣಿಕಟ್ಟು ಹಿಡಿದು, ವಾಚು ನೋಡಿ,
‘ಡಾಕ್ಟರಿಗೆ ಫೋನ್ ಹಚ್ರಿ’ ಅಂದಳು.
ನಮ್ಮ ನಗು ಕಬ್ಬಿಣದ ಗೋಡೆಗೆ ಬಡಿದು
ನಮ್ಮ ಮೇಲೆಯೇ ಬಿತ್ತು.
ಕಾವಲಿನವ ‘ಸದ್ದು ಮಾಡಬೇಡಿ’ ಎಂದ.
ದಿನಾ ನಾವು ಹೇಳುವ ಮಾತು,
ಕೇಳಲು ಇಷ್ಟು ಚಂದ ಅಂತ ಗೊತ್ತಿರಲಿಲ್ಲ.

ಶೇವಂತಿಬಾಯಿಯ ಖಾನಾವಳಿ, ಅಲ್ಲಾಡುವ ಬೆಂಚು.
ರವೆ ಹಚ್ಚಿ ಹುರಿದ ನೊಗಲಿ, ತಿಸ್ರ್ಯಾ ಸುಕ್ಕೆ,
ತೆಪ್ಪಲ ಹಾಕಿದ ಬಾಂಗಡೆ ಸಾರು, ದಪ್ಪಕ್ಕಿ ಅನ್ನ.
ನೀಲವ್ವ ಕೊರಳಿನ ಲಿಂಗ ಮುಟ್ಟಿಕೊಂಡು
‘ಬ್ಯಾರೆ ಮೇಜು ಬ್ಯಾಡ, ನಿಮ್ಮನ್ನ ನೋಡ್ಕೋತ ಉಣ್ತೇನಿ’
ಎಂದು ಬೇಳೆಸಾರು ತರಿಸಿಕೊಂಡಳು.
ಸೋಲ್‌ಕಡಿ ಬಂತು. ಗಾಯ ತೊಳೆಯುವ
ಪೊಟ್ಯಾಷ್ ನೀರಿನದೇ ಬಣ್ಣ!
‘ಮೀನಿಲ್ಲಲ್ಲ ಇದರಾಗ?’ ಮೂಸಿದಳು, ಕುಡಿದಳು,
ಇನ್ನೆರಡು ಗ್ಲಾಸು ಕುಡಿದಳು.

ಏಳು ನಿಮಿಷಕ್ಕೆ ಊಟ ಮುಗಿದಿತ್ತು.
ನಿಂತು ತಿಂದು ರೂಢಿ, ಯಾವಾಗ ಕರೆ ಬರುತ್ತದೋ.
ಖಾಲಿ ತಟ್ಟೆಯ ಮುಂದೆ ಒಬ್ಬರ ಮುಖ ಒಬ್ಬರು ನೋಡಿದೆವು.
ಯಾರೂ ಕರೆಯಲಿಲ್ಲ.
‘ಬಾಯಿ, ಮೊದಲಿಂದ ಬಡಿಸ್ರಿ’ ಅಂದಳು ಮೆಹರು.
ಎರಡನೇ ಸಲ ಮುಳ್ಳು ಬಿಡಿಸಿ ಬಿಡಿಸಿ ಉಂಡೆವು.

ಸಂಜೆ ಕಾಳಿಯ ಬಾಯಲ್ಲಿ ದೋಣಿ.
‘ಇಲ್ಲಿ ನೀರು ಸಪ್ಪಗೋ ಉಪ್ಪೋ?’
‘ಹೊತ್ತು ನೋಡಿ ಹೇಳಬೇಕು’ ಅಂದ ಅಂಬಿಗ.
ಸದಾಶಿವಗಡದ ಹಿಂದೆ ಸೂರ್ಯ ಇಳಿಯುವುದನ್ನು
ಮೂವರು ನೋಡಿದರಂತೆ. ನಾನು ನಿದ್ದೆಯಲ್ಲಿದ್ದೆ.

ಮರುದಿನ ಬೈತಖೋಲದ ಬಂದರು.
ಮೀನಿನ ಹೆಂಗಸು ಇಸೋಣವೊಂದನ್ನು
ಎರಡೂ ಕೈಯಲ್ಲಿ ಎತ್ತಿ ತಕ್ಕಡಿಗಿಟ್ಟಳು:
‘ಒಂದು ಕಿಲೋ ಎಂಟುನೂರು.’
ಹಿಂದಿನ ವಾರ ಅಷ್ಟೇ ತೂಕ,
ನಾಲ್ಕು ದಿನ ಉಸಿರಾಡಿತ್ತು.
ನಾವು ಒಬ್ಬರನ್ನೊಬ್ಬರು ನೋಡಲಿಲ್ಲ.
ಚೌಕಾಸಿ ಮಾಡುತ್ತಿದ್ದ ಮೆಹರು
ಹೇಳಿದಷ್ಟು ರೊಕ್ಕ ಎಣಿಸಿ ಕೊಟ್ಟು
ಮೀನು ಒಯ್ಯದೆಯೇ ನಡೆದುಬಿಟ್ಟಳು.
ಆಕೆ ಕೂಗುತ್ತ ನಮ್ಮ ಹಿಂದೆ ಓಡಿ ಬಂದಳು.

ಸೋಮವಾರ ಬೆಳಗ್ಗೆ ವಾರ್ಡಿನಲ್ಲಿ
ಕಸ ಹೊಡೆಯುವ ಕಾಶವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು:
‘ಯಾರ ಕಾಲಾಗಿನ ಉಸುಕವ್ವಾ ಇದು? ಗುಡಿಸಿದಷ್ಟೂ ಬರ್ತೈತಿ.’
ನಾಲ್ವರೂ ತಲೆಯೆತ್ತದೆ
ಜ್ವರದ ಚಾರ್ಟು ತುಂಬುತ್ತಿದ್ದೆವು.